ಫೋಟೋದ ಮೂಲೆಯಲ್ಲಿದ್ದ ಕೆಂಪು ಬಕೆಟ್ಟು

ಹಾಸಿಗೆಯ ಬಟ್ಟೆಯನ್ನು ಸುಕ್ಕಿಲ್ಲದೆ ಎಳೆಯುವುದು ಹೇಗೆ, ಕನ್ನಡಿಯನ್ನು ಗೀರಿಲ್ಲದೆ ಒರೆಸುವುದು ಹೇಗೆ ಎಂದು ರೆಸಾರ್ಟು ಕೆಲಸಕ್ಕೆ ಹೊಸದಾಗಿ ಸೇರುವ ನಿಮಗೆ ಈಗ ವಿಡಿಯೋ ತೋರಿಸಿ ಕಲಿಸುತ್ತಾರಂತೆ. ಒಳ್ಳೆಯದು, ಕಲಿಯಿರಿ. ನಾನು ಬರೆಯುತ್ತಿರುವುದು ಆ ವಿಡಿಯೋದಲ್ಲಿ ಇಲ್ಲದ್ದನ್ನು.

ನಾನು ಗಂಗಮ್ಮ. ಮನೆ ಅತ್ತಿಗುಪ್ಪೆ. ಕೆಂಗೇರಿ ದಾಟಿ ಮೈಸೂರು ರಸ್ತೆಯ ಒಳಗಡೆ ಇರುವ ಒಂದು ರೆಸಾರ್ಟಿನಲ್ಲಿ ರೂಮು ಗುಡಿಸಿ, ಒರೆಸಿ, ಹಾಸಿಗೆ ಹಾಕಿ ರಿಟೈರ್ ಆದವಳು. ನಾಲ್ಕನೇ ಕ್ಲಾಸಿನ ಓದು. ಪ್ರಮೋಷನ್ ಬಂತು, ಸೂಪರ್‌ವೈಸರ್ ಅಂದರು, ಸೀರೆಯ ಬಣ್ಣ ಬದಲಾಯಿತು, ಅಷ್ಟೇ. ಅದರ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಹೇಳಬೇಕಾಗಿರುವುದು ಸರೋಜಳ ವಿಷಯ. ನನ್ನ ಜೊತೆಗೇ ಕೆಲಸಕ್ಕೆ ಸೇರಿ ನನ್ನ ಹಿಂದೆಯೇ ರಿಟೈರ್ ಆದ ಸರೋಜಳ ಪಿಎಫ್ ದುಡ್ಡು ಒಬ್ಬ ಫೋನ್ ಕಳ್ಳನ ಹೊಟ್ಟೆಗೆ ಹೋಗುವುದರಲ್ಲಿತ್ತು. ಕೊಟ್ಟುಬಿಡು, ಕೊಟ್ಟುಬಿಡು ಎಂದು ಅವಳ ಬೆನ್ನು ಬಿದ್ದವಳು ನಾನೇ. ನೀವು ಕೆಲಸ ಮಾಡುವ ಜಾಗದ ಹೆಸರಿನಲ್ಲೇ ಮೋಸ ನಡೆಯುತ್ತದೆ. ಜನ ಬಂದು ನಿಮ್ಮನ್ನೇ ಕೇಳುತ್ತಾರೆ, "ಆಂಟಿ, ಆನ್‌ಲೈನಲ್ಲಿ ಈ ರೂಮು ಮಾರಾಟಕ್ಕಿದೆ, ತಗೋಬೋದಾ?" ಅಂತ. ಆಗ ನೀವು ನನ್ನ ಥರ ಬಾಯಿ ಬಿಡಬಾರದು. ಅದಕ್ಕೇ ಇದು.

ಮೊದಲು ಈ ಟೈಮ್‌ಶೇರ್ ಅನ್ನುವುದು ಏನು ಎಂದು ತಿಳಿದುಕೊಳ್ಳಿ. ಸೇರಿದ ಹೊಸದರಲ್ಲಿ ನನಗೂ ಗೊತ್ತಿರಲಿಲ್ಲ. ಒಂದೇ ರೂಮಿಗೆ ಇಷ್ಟೊಂದು ಜನ ಯಜಮಾನರು ಹೇಗೆ ಎಂದು ತಲೆ ಕೆರೆದುಕೊಂಡಿದ್ದೆ. ರೂಮು ಯಾರದ್ದೂ ಅಲ್ಲ, ರೆಸಾರ್ಟಿನದು. ದುಡ್ಡು ಕೊಟ್ಟವರಿಗೆ ವರ್ಷಕ್ಕೊಂದು ವಾರ ಅಲ್ಲಿರುವ ಹಕ್ಕು. ಅದೂ ಇಷ್ಟು ವರ್ಷ ಎಂದು ಗಡುವು ಇರುತ್ತದೆ. ವರ್ಷ ವರ್ಷ ನಿರ್ವಹಣೆಗೆ ಎಂದು ಬೇರೆ ಕಟ್ಟುತ್ತಿರಬೇಕು, ಬಂದರೂ ಕಟ್ಟಬೇಕು, ಬರದಿದ್ದರೂ ಕಟ್ಟಬೇಕು. ಬೇಡವಾದವರು ತಮ್ಮ ವಾರವನ್ನು ಇನ್ನೊಬ್ಬರಿಗೆ ಮಾರಬಹುದು. ರೆಸಾರ್ಟಿನವರು ಒಪ್ಪಿ ಹೆಸರು ಬದಲಾಯಿಸಿದರೆ ಮಾತ್ರ ಅದು ಮಾರಾಟ. ಇಲ್ಲದಿದ್ದರೆ ಬರೀ ಕಾಗದ.

ಆಗೆಲ್ಲ ಶನಿವಾರ ಬೆಳಿಗ್ಗೆ ಒಂದು ಗುಂಪು ಖಾಲಿ ಮಾಡುತ್ತಿತ್ತು, ಮಧ್ಯಾಹ್ನ ಇನ್ನೊಂದು ಗುಂಪು ಬರುತ್ತಿತ್ತು. ಮಧ್ಯದ ಹೊತ್ತಿನಲ್ಲಿ ನಾವು ಮನುಷ್ಯರಾಗಿರುತ್ತಿರಲಿಲ್ಲ. ನಮ್ಮ ಮೇಲೆ ಫಿಲೋಮಿನಾ ಮೇಡಂ ಎಂಬುವವರಿದ್ದರು, ಹೌಸ್‌ಕೀಪಿಂಗಿಗೆ ಹೆಡ್. ಬೆರಳಿಗೆ ಬಿಳಿ ಕರ್ಚೀಫು ಸುತ್ತಿಕೊಂಡು ಬಾಗಿಲ ಮೇಲಿನ ಪಟ್ಟಿ ಸವರುತ್ತಿದ್ದರು. ಕರ್ಚೀಫು ಕಪ್ಪಾದರೆ ಬಯ್ಯುತ್ತಿರಲಿಲ್ಲ, ಆ ಕರ್ಚೀಫನ್ನು ನಮ್ಮ ಕೈಯಲ್ಲೇ ಒಗೆಸುತ್ತಿದ್ದರು. ಸರೋಜ ಅವರಿಗೆ ಕೇಳುವ ಹಾಗೇ ಹೇಳುತ್ತಿದ್ದಳು, "ಈ ಯಮ್ಮನ ಕರ್ಚೀಫ್ ಒಗ್ದೂ ಒಗ್ದೂ ನನ್ ಕೈರೇಖೆಯೆಲ್ಲಾ ಅಳಿಸ್ಹೋಯ್ತು ಕಣಕ್ಕಾ."

"ಒಳ್ಳೇದಾಯ್ತು, ಇನ್ನು ಕಳ್ತನ ಮಾಡುದ್ರೂ ಸಿಕ್ಕಲ್ಲ ನೀನು" ಎಂದು ಮೇಡಂ ಅನ್ನುತ್ತಿದ್ದರು.

ಅವರು ಕಲಿಸಿದ್ದು ಬಾಗಿಲು ತಟ್ಟುವುದು. ಮೂರು ಸಲ ತಟ್ಟು, ಹೌಸ್‌ಕೀಪಿಂಗ್ ಅನ್ನು, ಒಳಗಿನಿಂದ ಉತ್ತರ ಬರುವ ತನಕ ಕಾಯಿ. ಬರುತ್ತಿದ್ದ ಉತ್ತರ ಒಂದೇ. "ಆಮೇಲೆ ಬಾಮ್ಮಾ!" ಗಂಡಸು, ಹೆಂಗಸು, ಮಗು, ಎಲ್ಲರೂ ಅದನ್ನೇ ಕೂಗುತ್ತಿದ್ದರು. ಬಕೆಟ್ಟು ಎತ್ತಿಕೊಂಡು ಮುಂದಿನ ಬಾಗಿಲಿಗೆ ಹೋದರೆ ಅಲ್ಲೂ ಅದೇ. ನನ್ನ ಗಂಡ ಜೀವನದಲ್ಲಿ ನನ್ನ ಹೆಸರು ಹಿಡಿದು ಕರೆದದ್ದಕ್ಕಿಂತ ಹೆಚ್ಚು ಸಲ ಆ ಮಾತು ಕೇಳಿದ್ದೇನೆ.

ಇನ್ನೊಂದು ಕಲಿಸಿದ್ದು, ಬಿಟ್ಟುಹೋದ ಸಾಮಾನಿನ ವಿಷಯ. ಒಂದು ಸಲ ಒಂದು ರೂಮಿನಲ್ಲಿ ದಿಂಬಿನ ಕೆಳಗೆ ಕೈಗಡಿಯಾರ ಸಿಕ್ಕಿತು. ವಿಷಯ ಊಟದ ಹಾಲಿನಲ್ಲೆಲ್ಲ ಹಬ್ಬಿತ್ತು. ಸಂಜೆ ಒಬ್ಬ ಫೋನ್ ಮಾಡಿ, "ವಾಚ್ ಬಿಟ್ಬಂದಿದೀನಿ, ಆಳು ಕಳಿಸ್ತೀನಿ, ಕೊಟ್ಬಿಡಿ" ಅಂದ. ನಾನು ದೊಡ್ಡ ಉಪಕಾರ ಮಾಡುವವಳ ಹಾಗೆ, "ಯಾವ್ದು ಸಾರ್, ಚಿನ್ನದ ಬಣ್ಣದ್ದಾ?" ಅಂದೆ. "ಹೂಂ ಕಣಮ್ಮಾ, ಚಿನ್ನದ ಬಣ್ಣದ್ದೇ, ಅದೇ" ಅಂದ. ಫಿಲೋಮಿನಾ ಮೇಡಂ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ನಮಸ್ಕಾರ ಸಾರ್. ಚಿನ್ನದ ಬಣ್ಣದ್ದು ಒಂದೇ ಅಲ್ಲ, ಇನ್ನೂ ಇದಾವೆ. ದಪ್ಪ ಚೈನು, ದೊಡ್ಡ ಡಯಲ್ಲು, ಅದೇನಾ?"

"ಅದೇ ಮೇಡಂ, ಅದೇ."

ಸಿಕ್ಕಿದ್ದು ಹೆಂಗಸರದು, ತುಳಸಿ ಎಲೆಯಷ್ಟು ಸಣ್ಣ ಗಡಿಯಾರ. ಮೇಡಂ ಫೋನ್ ಇಟ್ಟು ಹೇಳಿದರು, "ಗಂಗಮ್ಮಾ, ಅವನಿಗೆ ಏನೂ ಗೊತ್ತಿರ್ಲಿಲ್ಲ. ನೀನು ಕೊಟ್ಟಿದ್ದನ್ನೇ ನಿಂಗೆ ವಾಪಸ್ ಕೊಟ್ಟ. ವಸ್ತು ಹೆಂಗಿದೆ ಅಂತ ಅವರು ಹೇಳ್ಬೇಕು, ನಾವು ಹೇಳ್ಬಾರ್ದು." ಆವತ್ತಿನಿಂದ ನನ್ನನ್ನು ಕಂಡಾಗೆಲ್ಲ ಸರೋಜ, "ಅದೇ ಮೇಡಂ, ಅದೇ" ಅನ್ನುತ್ತಿದ್ದಳು.

ಮೊದಮೊದಲು ಈ ವಾರಗಳನ್ನು ರೆಸಾರ್ಟಿನವರೇ ಮಾರುತ್ತಿದ್ದರು. ಭಾನುವಾರ ಗಂಡ ಹೆಂಡತಿಯರನ್ನು ಕರೆಸಿ ಹಾಲಿನಲ್ಲಿ ಕೂರಿಸಿ ಭಾಷಣ. ಕೇಳಿದವರಿಗೆ ಕುಕ್ಕರು ಉಚಿತ. ಒಂದು ಜೋಡಿ ಒಂದೊಂದು ಸಲ ಒಂದೊಂದು ಹೆಸರು ಹೇಳಿ ಬರುತ್ತಿದ್ದರು. ನಮಗೆಲ್ಲ ಗುರುತು ಸಿಕ್ಕಿಹೋಗಿತ್ತು. ಸರೋಜ ಟೀ ಕೊಡುತ್ತಾ ಮೆಲ್ಲಗೆ, "ಇನ್ನೊಂದ್ ಸಲ ಬನ್ನಿ ಅಕ್ಕಾ, ಮುಂದಿನ ವಾರ ಇಡ್ಲಿ ಪಾತ್ರೆ ಕೊಡ್ತಾರಂತೆ" ಅಂದಿದ್ದಳು. ಬಂದರು! ಇಡ್ಲಿ ಪಾತ್ರೆ ಕೇಳಿಯೂಬಿಟ್ಟರು. ಆ ಭಾಷಣದವರು ಕೊನೆಗೆ ಹೇಳುತ್ತಿದ್ದದ್ದು, ಈ ಬೆಲೆ ಇವತ್ತು ಮಾತ್ರ ಎಂದು. ಫಿಲೋಮಿನಾ ಮೇಡಂ ನಗುತ್ತಿದ್ದರು. "ಇವತ್ತೇ ತಗೋಬೇಕಾಗಿರೋದು ಹಾಲು ಮಾತ್ರ."

ಆಮೇಲೆ ಎಲ್ಲ ಆನ್‌ಲೈನ್ ಆಯಿತು. ಬೀಗದ ಕೈ ಹೋಗಿ ಕಾರ್ಡು ಬಂತು. ಕೊಂಡವರು ತಮ್ಮ ವಾರವನ್ನು ಫೋನಿನಲ್ಲೇ ಮಾರುವುದು ಶುರುವಾಯಿತು, ಅವರ ಹಿಂದೆಯೇ ಕಳ್ಳರೂ ಬಂದರು.

ಮೊದಲು ನೋಡಿದ್ದು ರಾಜಾಜಿನಗರದ ಒಂದು ಸಂಸಾರ. ಕ್ಯಾರಿಯರಿನಲ್ಲಿ ಪುಳಿಯೋಗರೆ, ಕೈಯಲ್ಲಿ ಗಾಳಿ ತುಂಬಿದ ಪ್ಲಾಸ್ಟಿಕ್ ಬಾತುಕೋಳಿ, ಮಕ್ಕಳು ಕಾರಿನಿಂದ ಇಳಿಯುವಾಗಲೇ ಈಜುವ ಕನ್ನಡಕ ಹಾಕಿಕೊಂಡಿದ್ದರು. ಕಾಗದದಲ್ಲಿ ರೆಸಾರ್ಟಿನ ಹೆಸರಿದೆ, ದುಂಡು ಮೊಹರಿದೆ, ಆದರೆ ಮೆಂಬರುಗಳ, ಅಂದರೆ ವಾರ ಕೊಂಡವರ, ವ್ಯವಹಾರ ನೋಡುವ ಮಂಜುನಾಥ್ ಸಾರ್ ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ಅವರ ಹೆಸರಿಲ್ಲ. ಆ ಯಜಮಾನರು, "ನಾನೇನ್ ಸುಮ್ನೆ ದುಡ್ಡು ಕೊಟ್ಟಿಲ್ಲ ಸಾರ್, ನಿಮ್ಮ ರೆಸಾರ್ಟಿಗೇ ಫೋನ್ ಮಾಡಿ ವಿಚಾರಿಸಿದೀನಿ" ಅಂದರು. ಮಾಡಿದ್ದು ಯಾವ ನಂಬರಿಗೆ? ಆ ಕಾಗದದ ಮೇಲೆ ಅಚ್ಚಾಗಿದ್ದ ನಂಬರಿಗೆ. ಎತ್ತಿದ್ದು ಕಳ್ಳನ ಕಡೆಯ ಹೆಂಗಸು. "ಹೌದು ಸಾರ್, ಎಲ್ಲಾ ಕ್ಲಿಯರ್ ಇದೆ ಸಾರ್" ಎಂದಿದ್ದಾಳೆ. ಕಳ್ಳನನ್ನು ವಿಚಾರಿಸಲು ಕಳ್ಳನ ಹೆಂಡತಿಯನ್ನೇ ಕೇಳಿದ ಹಾಗಾಯಿತು. ಫಿಲೋಮಿನಾ ಮೇಡಂ ಮ್ಯಾನೇಜರ ಹತ್ತಿರ ಜಗಳ ಆಡಿ ಆ ಮಕ್ಕಳನ್ನು ಸಂಜೆಯ ತನಕ ಈಜುಕೊಳದಲ್ಲಿ ಬಿಡಿಸಿದರು. ನಾವು ಅವರ ಪುಳಿಯೋಗರೆ ತಿಂದೆವು. ಚೆನ್ನಾಗಿತ್ತು, ಎಳ್ಳು ಸ್ವಲ್ಪ ಜಾಸ್ತಿ.

ಇನ್ನೊಬ್ಬರು ನಿಜವಾದ ಮೆಂಬರಿಂದಲೇ ಕೊಂಡರು, ಆದರೂ ಕುತ್ತಿಗೆಗೆ ಬಂತು. ಮಾರಿದವನು ಎಷ್ಟೋ ವರ್ಷಗಳಿಂದ ನಿರ್ವಹಣೆ ಶುಲ್ಕ ಕಟ್ಟಿರಲಿಲ್ಲ. ಕೊಳ್ಳುವ ಮುಂಚೆ ಬಾಕಿ ಇದೆಯೇ, ಗಡುವು ಮುಗಿಯಲು ಎಷ್ಟು ವರ್ಷ ಉಳಿದಿದೆ ಎಂದು ಇವರು ಕೇಳಿರಲಿಲ್ಲ. ಬಾಕಿ ತೀರದೆ ಹೆಸರು ಬದಲಾಗುವುದಿಲ್ಲ ಎಂದು ಮಂಜುನಾಥ್ ಸಾರ್ ಹೇಳಿದಾಗ ಅವರು ಮೇಜು ಗುದ್ದಿದ ರಭಸಕ್ಕೆ ನಾನು ಜೋಡಿಸಿಟ್ಟಿದ್ದ ಹೂದಾನಿ ಬಿತ್ತು.

ಇನ್ನು ಫೋಟೋ ವಿಷಯ. ರೂಮು ರೆಡಿಯಾದ ಮೇಲೆ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು ಎಂದು ಹೊಸ ಪದ್ಧತಿ ಬಂತು. ನಾನು ತೆಗೆದ ಫೋಟೋಗಳಲ್ಲಿ ಅರ್ಧ ನನ್ನ ಹೆಬ್ಬೆರಳೇ ಇರುತ್ತಿತ್ತು. ಒಂದು ಮಾತ್ರ ಚೆನ್ನಾಗಿ ಬಂತು. ಪಾರಿಜಾತ ಎಂಬ ಕಾಟೇಜಿನದು. ಕೊಳದ ಕಡೆಯ ಹಿಂದಿನ ಜಗಲಿ, ತೂಗುಮಂಚ, ಅದರ ಮೇಲೆ ಎಳೆ ಬಿಸಿಲು. ಆಫೀಸಿನವರು ಅದನ್ನೇ ತಮ್ಮ ಇಂಟರ್ನೆಟ್ ಪುಟದಲ್ಲಿ ಹಾಕಿಕೊಂಡರು. ಆಮೇಲೆ ಯಾರೋ ನೋಡಿದರು, ಮೂಲೆಯಲ್ಲಿ ನನ್ನ ಕೆಂಪು ಬಕೆಟ್ಟು ಕೂತಿದೆ, ಹಿಡಿಗೆ ನಾನು ಸುತ್ತಿದ್ದ ಹಳೇ ರವಿಕೆಯ ಬಟ್ಟೆ ಸಮೇತ. ಫಿಲೋಮಿನಾ ಮೇಡಂ, "ಗಂಗಮ್ಮನ ಬಕೆಟ್ಟು ವರ್ಲ್ಡ್ ಫೇಮಸ್" ಅಂದರು.

ಆ ತೂಗುಮಂಚದ ಮೇಲೆ ಸರೋಜಳಿಗೆ ಆಸೆ. ಅದರ ಹಿತ್ತಾಳೆ ಸರಪಳಿಯನ್ನು ಶುಕ್ರವಾರ ಶುಕ್ರವಾರ ಹುಣಸೆಹಣ್ಣು ಹಾಕಿ ಉಜ್ಜಿ ಚಿನ್ನದ ಹಾಗೆ ಮಾಡುತ್ತಿದ್ದವಳು ಅವಳು. ಗೆಸ್ಟುಗಳು ಕೂರುವ ಜಾಗದಲ್ಲಿ ನಾವು ಕೂರುವ ಹಾಗಿಲ್ಲ ಎಂಬುದು ನಿಯಮ. ಅವಳು ಎಂದೂ ಕೂರಲಿಲ್ಲ. ಒಂದು ಸಲ ಕೂತುಬಿಡು, ಯಾರೂ ಇಲ್ಲ ಎಂದು ನಾನು ಅಂದಿದ್ದೆ. "ಕದ್ದು ಕೂತ್ರೆ ಅದೇನ್ ಸುಖ ಗಂಗಕ್ಕಾ? ಒಂದಿನ ದುಡ್ಡು ಕೊಟ್ಟು ಕೂತ್ಕೋತೀನಿ" ಅಂದಳು. ಹುಚ್ಚು ಎಂದುಕೊಂಡೆ.

ರಿಟೈರಾಗಿ ಪಿಎಫ್ ಬಂದಾಗ ಅವಳು ಅದನ್ನೇ ಹಿಡಿದಳು. ಬಳೆ ಮಾಡಿಸಿಕೋ ಅಂದರು ಮನೆಯವರು. ಕಾಶಿಗೆ ಹೋಗು ಅಂದರು ಪಕ್ಕದ ಮನೆಯವರು. ಇವಳಿಗೆ ಪಾರಿಜಾತದಲ್ಲಿ ವರ್ಷಕ್ಕೊಂದು ವಾರ ಬೇಕು. "ಕೆಂಗೇರಿ ಉಪನಗರದೋಳು ಕೆಂಗೇರಿ ಆಚೆಗೇ ಟೂರ್ ಹೋಗ್ತೀಯೇನೇ?" ಎಂದು ನಕ್ಕೆ. "ಹತ್ರಾನೇ ಇದ್ರೆ ಬಸ್ ಚಾರ್ಜು ಉಳೀತು" ಅಂದಳು. ಹೊಸದಾಗಿ ಕೊಳ್ಳುವುದು ನಮ್ಮಂಥವರ ಕೈಗೆ ಎಟುಕುವುದಿಲ್ಲ. ಹಳೆಯದು, ಯಾರಾದರೂ ಬಿಡುವುದು ಸಿಕ್ಕರೆ ಅಗ್ಗ. ಫೋನಿನಲ್ಲಿ ಹುಡುಕಿದಳು. ಒಂದು ಸಿಕ್ಕಿತು ಎಂದು ನನ್ನನ್ನು ಕರೆದಳು.

ಅವರ ಮನೆ ತಾರಸಿಯ ಮೇಲೆ ಮೆಣಸಿನಕಾಯಿ ಹರವಿತ್ತು. ನಡುವೆ ಕೂತು ಫೋನ್ ತೋರಿಸಿದಳು. ಜಾಹೀರಾತಿನಲ್ಲಿ ನನ್ನ ಫೋಟೋ! ಅದೇ ಜಗಲಿ, ಅದೇ ಬಿಸಿಲು, ಮೂಲೆಯಲ್ಲಿ ಅದೇ ಕೆಂಪು ಬಕೆಟ್ಟು. ನನಗೆ ಎಷ್ಟು ಖುಷಿಯಾಯಿತು ಎಂದರೆ ಹಳೆಯ ನೆಂಟರನ್ನು ಕಂಡ ಹಾಗಾಯಿತು.

"ಲೇ ಸರೋಜಾ, ಇದು ನೂರಕ್ಕೆ ನೂರು ನಿಜ ಕಣೇ! ನನ್ ಬಕೆಟ್ಟೇ ಇದ್ಯಲ್ಲೇ!"

ನಮ್ಮಂಥ ಕೆಲಸದವರು ಮಾತ್ರ ಮಾಡುವ ತಪ್ಪು ಅದು. ನಾವು ರೂಮನ್ನು ನಂಬುತ್ತೇವೆ. ಅದರ ಗೋಡೆ, ನಲ್ಲಿ, ಸಂದಿ ಎಲ್ಲ ನಮಗೆ ಗೊತ್ತು. ರೂಮು ನಿಜವಾದರೆ ಮಾರುವವನೂ ನಿಜ ಎಂದುಕೊಂಡುಬಿಟ್ಟೆ. ಬಕೆಟ್ಟು ನನ್ನದು, ಸರಿ. ಫೋಟೋ ಹಾಕಿದವನು ಯಾರು?

ಅಲ್ಲಿಂದಲೇ ಫೋನ್ ಹಚ್ಚಿದೆವು. ಶ್ರೀಕಂಠ ಅಂತ ಹೆಸರು ಹೇಳಿದ. ರಾಜಾಜಿನಗರದಲ್ಲಿ ಮನೆಯಂತೆ, ಅಪ್ಪ ಕೊಂಡಿದ್ದಂತೆ, ಅಪ್ಪ ತೀರಿಕೊಂಡರಂತೆ. ಬಾಯಿ ತುಂಬ ಅಮ್ಮಾ ಅಮ್ಮಾ ಅನ್ನುತ್ತಿದ್ದ. ಸರೋಜ ಕೇಳಿದಳು, "ಪಾರಿಜಾತ ಅಲ್ವೇನಪ್ಪಾ? ಸಂಪಿಗೆ ಮರದ ಪಕ್ಕದ್ದು?"

"ಅದೇ ಅಮ್ಮಾ, ಸಂಪಿಗೆ ಮರದ ಪಕ್ಕದ್ದೇ."

"ತೂಗುಮಂಚ ಇದ್ಯಲ್ಲ, ಹಿತ್ತಾಳೆ ಸರಪಳೀದು?"

"ಇದೆ ಅಮ್ಮಾ, ಹಿತ್ತಾಳೇದೇ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದೆವು. ಎಷ್ಟು ಸರಿಯಾಗಿ ಹೇಳುತ್ತಿದ್ದಾನೆ! ಮೊದಲು ವರ್ಗಾವಣೆಯ ನೋಂದಣಿ ಫೀಸು ಕಳಿಸಿ, ಅದು ವಾಪಸ್ ಬರುತ್ತೆ, ಆಮೇಲೆ ಮಿಕ್ಕಿದ್ದು ಅಂದ. ಸ್ಕ್ಯಾನ್ ಮಾಡುವ ಚೌಕದ ಚಿತ್ರವೂ ಬಂತು. ಸರೋಜ ಕನ್ನಡಕ ಏರಿಸಿಕೊಂಡಳು. ಗೋಡೆಯ ಕ್ಯಾಲೆಂಡರು ನೋಡಲು ಕೆಳಗೆ ಇಳಿದು ಹೋದಳು. ಮೇಲೆ ಬಂದವಳು, "ಆಷಾಢ ಹುಟ್ಟಿದೆ. ಶ್ರಾವಣದಲ್ಲಿ ಕೊಡ್ತೀನಪ್ಪಾ" ಅಂದಳು.

ಆ ಕಡೆಯಿಂದ, "ಆನ್‌ಲೈನ್‌ಗೆ ಆಷಾಢ ಇಲ್ಲ ಅಮ್ಮಾ."

"ನಂಗಿದೆ ಕಣಪ್ಪಾ."

ನಾನು ಅವಳನ್ನು ಬೈದೆ. ಆಷಾಢವಂತೆ, ಮಣ್ಣಂತೆ. ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ. ಹೆರಿಗೆ ಆಷಾಢ ನೋಡುತ್ತದೆಯೇ, ಸಾವು ನೋಡುತ್ತದೆಯೇ? ರೂಮು ಬೇರೆಯವರ ಪಾಲಾಗುತ್ತದೆ, ಕಳಿಸು ಎಂದೆ. ಅವಳು ಮೆಣಸಿನಕಾಯಿ ತಿರುವಿ ಹಾಕುತ್ತಾ, "ಬಕೆಟ್ಟು ನಿಂದು, ದುಡ್ಡು ನಂದು" ಅಂದಳು.

ಆವತ್ತಿನಿಂದ ಶ್ರೀಕಂಠನಿಗೆ ನಿದ್ದೆ ಇಲ್ಲ. ದಿನಾ ಫೋನು. ಇನ್ನೊಂದು ಪಾರ್ಟಿ ಕಾಯ್ತಾ ಇದ್ದಾರೆ ಅಂದ. ಸರೋಜ ಜಗ್ಗಲಿಲ್ಲ. ನಮ್ಮ ಪುರೋಹಿತರನ್ನ ಕೇಳಿದೆ, ಫೀಸಿಗೆ ಆಷಾಢ ಲೆಕ್ಕಕ್ಕೆ ಬರಲ್ವಂತೆ ಅಂದ. "ಯಾವ ಪುರೋಹಿತ್ರು? ಹೆಸ್ರೇನು?" ಎಂದು ಸರೋಜ ಕೇಳಿದ್ದಕ್ಕೆ ನೆಟ್‌ವರ್ಕ್ ಹೋಯಿತು. ಮಾರನೇ ದಿನ ಹೊಸ ದಾರಿ ಹಿಡಿದ. ನಿಮ್ಮ ಹೆಸರಲ್ಲಿ ನಾನೇ ದೇವಸ್ಥಾನದಲ್ಲಿ ಆಷಾಢ ದೋಷ ಪರಿಹಾರ ಮಾಡಿಸ್ತೀನಿ, ಅದಕ್ಕೆ ಸ್ವಲ್ಪ ಸೇರಿಸಿ ಕಳಿಸಿ ಅಂದ! ಅದಕ್ಕೆ ಮಾತ್ರ ಸರೋಜ ಅಲುಗಾಡಿದಳು. ಪರಿಹಾರ ಇದೆ ಎಂದರೆ ಅವಳಿಗೆ ಮನಸ್ಸು ಮೆತ್ತಗಾಗುತ್ತದೆ. ಬೆಳಿಗ್ಗೆಯೇ ಮೆಟ್ರೋ ಹತ್ತಿ ಅತ್ತಿಗುಪ್ಪೆಗೆ ಬಂದು ನನ್ನ ಅಡುಗೆಮನೆಯಲ್ಲಿ ಕೂತಳು.

"ಗಂಗಕ್ಕಾ, ಕಳಿಸ್ಬಿಡ್ತೀನಿ ಕಣೇ. ಇವತ್ತು ಸಾಯಂಕಾಲದ ಒಳಗೆ ಕೊಡ್ಲಿಲ್ಲ ಅಂದ್ರೆ ಇನ್ನೊಬ್ರಿಗೆ ಅಂತಾನೆ. ಪಾರಿಜಾತ ಮತ್ತೆ ಎಲ್ಲಿ ಸಿಗುತ್ತೆ?"

ದುಡ್ಡು ಕಳಿಸಲು ಬೆರಳು ಎತ್ತಿಯೇ ಬಂದಿದ್ದಳು. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಅಷ್ಟು ದಿನ ಕಳಿಸು ಕಳಿಸು ಎಂದವಳು ನಾನೇ. ಆದರೆ ಆ ದೋಷ ಪರಿಹಾರದ ಮಾತು ನನಗೆ ಹಿಡಿಸಲಿಲ್ಲ. ಅಪ್ಪ ಸತ್ತವನು, ವಾರ ಮಾರಲು ಕೂತವನು, ಒಂದು ತಿಂಗಳು ಕಾಯಲಾರನೇ? ಇಷ್ಟು ವರ್ಷ ಇಟ್ಟುಕೊಂಡಿದ್ದ ವಾರಕ್ಕೆ ಇವತ್ತು ಸಾಯಂಕಾಲವೇ ಏಕೆ ಬೆಂಕಿ? ಹಾಲೇನು ಅದು?

ಹಾಲು ಎಂದುಕೊಂಡದ್ದೇ ಫಿಲೋಮಿನಾ ಮೇಡಂ ನೆನಪಾದರು. ಅವರ ಹಿಂದೆಯೇ ಆ ಕೈಗಡಿಯಾರ ನೆನಪಾಯಿತು. ಒಲೆ ಆರಿಸಿದೆ.

"ಸರೋಜಾ, ಸಂಪಿಗೆ ಮರ ಅಂತ ಮೊದ್ಲು ಹೇಳ್ದೋರು ಯಾರೇ? ನೀನಾ, ಅವನಾ?"

ಅವಳು "ಅದೇ ಮೇಡಂ, ಅದೇ" ಎಂದು ಮೆಲ್ಲಗೆ ಅಂದಳು. ನನ್ನನ್ನು ಇಷ್ಟು ವರ್ಷ ಆಡಿಕೊಂಡ ಮಾತು ಅವಳ ಬಾಯಿಂದ ಹಾಗೆ ಬಂದದ್ದು ಅದೇ ಮೊದಲು.

ಸ್ಪೀಕರ್ ಹಾಕಿ ನಾನೇ ಮಾತಾಡಿದೆ. "ನಮಸ್ಕಾರ ಶ್ರೀಕಂಠಪ್ಪಾ. ನಾನು ಸರೋಜಮ್ಮನ ಅಕ್ಕ. ದುಡ್ಡು ರೆಡಿ ಇದೆ. ಒಂದೇ ಯೋಚನೆ. ಆ ಕಾಟೇಜಿನ ಮೂರನೇ ಮಹಡಿಗೆ ಹತ್ತೋಕೆ ಇವಳಿಗೆ ಮಂಡಿ ನೋವು."

"ಅಯ್ಯೋ ಅದಕ್ಕೇನಮ್ಮಾ ಯೋಚನೆ? ಲಿಫ್ಟ್ ಇದ್ಯಲ್ಲಾ!"

ಪಾರಿಜಾತ ಹೆಂಚಿನ ಮನೆ. ಅದರ ಮೇಲೆ ಇರುವುದು ಪಾರಿವಾಳ ಮಾತ್ರ. ಸರೋಜ ಸೆರಗು ಬಾಯಿಗೆ ತುರುಕಿಕೊಂಡಳು. ನನಗೆ ಬಿಡಲು ಮನಸ್ಸಾಗಲಿಲ್ಲ.

"ಲಿಫ್ಟ್ ದೊಡ್ಡದಾಗಿದ್ಯೇನಪ್ಪಾ? ನಮ್ ತಂಗಿ ಸ್ವಲ್ಪ ದಪ್ಪ."

"ಹತ್ತು ಜನ ಹೋಗ್ಬೋದಮ್ಮಾ."

"ನಾನ್ ದಪ್ಪಾನಾ?" ಎಂದು ಸರೋಜ ನನ್ನ ತೊಡೆ ಚಿವುಟಿದಳು. ಅವಳ ನಗು ಆಚೆ ಬಿದ್ದುಬಿಟ್ಟಿತು. ಶ್ರೀಕಂಠನಿಗೆ ಅರ್ಥವಾಯಿತು. ಅಮ್ಮಾ ಅಂದ ಬಾಯಲ್ಲೇ ಏನೇನೋ ಅಂದ. ನಾನೂ ಸುಮ್ಮನಿರುವವಳಲ್ಲ, ವಿಜಯನಗರ ಮಾರುಕಟ್ಟೆಯಲ್ಲಿ ಸೊಪ್ಪು ಚೌಕಾಸಿ ಮಾಡಿ ಬೆಳೆದ ಬಾಯಿ ನನ್ನದು. ಅವನೇ ಫೋನ್ ಇಟ್ಟ.

ನಕ್ಕು ಮುಗಿದ ಮೇಲೆ ಸರೋಜ ಅತ್ತಳು. ದುಡ್ಡು ಉಳಿಯಿತಲ್ಲೇ ಅಂದೆ. "ದುಡ್ಡು ಉಳೀತು, ಪಾರಿಜಾತ ಹೋಯ್ತಲ್ಲಾ" ಅಂದಳು. ಉಪ್ಪಿಟ್ಟು ಹಾಕಿಕೊಟ್ಟೆ. ತಿಂದಳು, ಇನ್ನೊಂದು ಸಲವೂ ಹಾಕಿಸಿಕೊಂಡಳು.

ಕೊನೆಗೆ ನಾವು ಮೊದಲೇ ಮಾಡಬೇಕಿದ್ದದ್ದನ್ನು ಮಾಡಿದೆವು. ನನ್ನ ಹಳೆಯ ಗುರುತಿನ ಚೀಟಿಯ ಹಿಂದೆ ರೆಸಾರ್ಟಿನ ಸ್ವಂತ ನಂಬರಿತ್ತು. ಅದಕ್ಕೆ ಫೋನ್ ಮಾಡಿ ಮಂಜುನಾಥ್ ಸಾರ್ ಅವರನ್ನು ಕೇಳಿದೆವು. ಶ್ರೀಕಂಠ ಎಂಬ ಮೆಂಬರೇ ಇಲ್ಲ. ಆ ಬಕೆಟ್ಟಿನ ಫೋಟೋ ಹಿಡಿದುಕೊಂಡು ಈಗಾಗಲೇ ಬೇರೆಯವರೂ ಬಂದು ಅತ್ತು ಹೋಗಿದ್ದಾರಂತೆ.

"ಗಂಗಮ್ಮಾ, ದುಡ್ಡು ಹೋಗಿಲ್ಲ ಅಂದ್ರೂ ಸೈಬರ್ ಪೊಲೀಸ್ರಿಗೆ ಆ ನಂಬರ್ ತಿಳಿಸಿ. ಇನ್ನೊಬ್ರು ಉಳ್ಕೋತಾರೆ" ಅಂದರು. ಆಮೇಲೆ ತಿಳಿಸಿದೆವು. ಫೋನ್ ಇಡುವ ಮುಂಚೆ ಮಂಜುನಾಥ್ ಸಾರ್ ಮತ್ತೂ ಅಂದರು, "ಅಲ್ಲಮ್ಮಾ, ನಿಮಗೆ ಪಾರಿಜಾತನೇ ಬೇಕಿದ್ರೆ ನನ್ನನ್ನ ಯಾಕೆ ಕೇಳ್ಲಿಲ್ಲ? ಬಸವೇಶ್ವರನಗರದಲ್ಲಿ ಒಬ್ರು ಟೀಚರ್ ಇದಾರೆ, ತಮ್ಮ ವಾರ ಬಿಡ್ಬೇಕು ಅಂತ ನಮ್ಮ ಹತ್ರ ಹೇಳಿಟ್ಟಿದಾರೆ. ಅವರನ್ನ ಕೇಳಿ ನಿಮಗೆ ತಿಳಿಸ್ತೀನಿ."

ಅಷ್ಟು ವರ್ಷ ಆ ಮನುಷ್ಯನ ಮೇಜು ಒರೆಸಿದ್ದೇವೆ, ಕೇಳಬೇಕು ಎಂದು ಹೊಳೆದೇ ಇರಲಿಲ್ಲ. ಅದು ಮೆಂಬರುಗಳ ಮೇಜು, ನಮ್ಮದಲ್ಲ ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು.

ಆ ಟೀಚರ್ ವಿಶಾಲಾಕ್ಷಿ ಅಂತ, ರಿಟೈರಾದವರು. ಮನೆಗೆ ಹೋದೆವು. ಮೊದಲೇ ನಿಶ್ಚಯಿಸಿಕೊಂಡಿದ್ದೆವು, ಪಾರಿಜಾತದ ಬಗ್ಗೆ ನಾವು ಒಂದಕ್ಷರವೂ ಆಡಬಾರದು ಎಂದು. ಅವರೇ ಶುರು ಮಾಡಿದರು. ಹೆಂಚಿನ ಮೇಲೆ ಪಾರಿವಾಳದ ಕಾಟ, ಸ್ನಾನದ ಮನೆಯ ಬಿಸಿನೀರಿನ ನಲ್ಲಿ ತಿರುಗಿಸಿದರೆ ಕೂಗುತ್ತದೆ, ಕೊಳದ ಕಪ್ಪೆ ಮಲಗಲು ಬಿಡುವುದಿಲ್ಲ. ಮಾರಲು ಕೂತವರು ಹೀಗೆ ಗೊಣಗುವುದನ್ನು ಕೇಳಿ ಸರೋಜಳ ಮುಖ ಅರಳುತ್ತಾ ಹೋಯಿತು.

"ಹೋದ ವರ್ಷದ ನಿರ್ವಹಣೆ ಶುಲ್ಕ ನಾನು ಕಟ್ಟಿಲ್ಲ, ಮೊದಲೇ ಹೇಳ್ಬಿಡ್ತೀನಿ. ಅದನ್ನ ಕಟ್ಟಿಯೇ ಕೊಡ್ತೀನಿ. ಇನ್ನು ಎಷ್ಟು ವರ್ಷ ಉಳಿದಿದೆ ಅಂತ ನೀವು ಆಫೀಸಲ್ಲೇ ಕೇಳ್ಕೊಳಿ, ನನ್ನ ಮಾತು ನಂಬಬೇಡಿ" ಅಂದರು ಟೀಚರ್.

ಸರೋಜ ಚೀಲದಿಂದ ದುಡ್ಡು ತೆಗೆದಳು. ಆಷಾಢವನ್ನೇ ಮರೆತುಬಿಟ್ಟಿದ್ದಳು, ನೋಡಿ! ಟೀಚರ್ ಹಾವು ಕಂಡವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

"ಆಷಾಢದಲ್ಲಾ? ಏನ್ರೀ ಇದು? ನಾನು ಇಸ್ಕೊಳ್ಳಲ್ಲ. ಶ್ರಾವಣ ಶುಕ್ರವಾರ ರೆಸಾರ್ಟಿನ ಆಫೀಸಿಗೇ ಬನ್ನಿ. ಹೆಸರು ಬದಲಾಗ್ಲಿ, ಅಲ್ಲೇ ಕೊಡಿ."

ಹೊರಗೆ ಬಂದು ಗೇಟು ಹಾಕಿದ ಮೇಲೆ ಸರೋಜ ನನ್ನ ಕಡೆ ತಿರುಗಿದಳು. "ಆಷಾಢವಂತೆ, ಮಣ್ಣಂತೆ" ಎಂದು ನನ್ನ ದನಿಯಲ್ಲೇ ಅಂದಳು. ನಾನು ಈಗಲೂ ನಂಬುವುದಿಲ್ಲ. ಆದರೆ ಯಾರಾದರೂ ಬಂದು, ಆಂಟಿ, ಆನ್‌ಲೈನಲ್ಲಿ ಒಂದು ವಾರ ನೋಡಿದ್ದೇವೆ ಎಂದು ಕೇಳಿದರೆ, ಒಂದು ತಿಂಗಳು ತಾಳಿ ಅಂತ ಅವನಿಗೆ ಹೇಳಿ ನೋಡಿ ಎನ್ನುತ್ತೇನೆ. ತಾಳಿದರೆ ಮುಂದಿನ ಮಾತು. ಆಷಾಢ ಇಲ್ಲದ ಮನೆಯವರು ಬೇರೆ ಏನಾದರೂ ನೆಪ ಹುಡುಕಿಕೊಳ್ಳಲಿ.

ಶ್ರಾವಣದಲ್ಲಿ ಮಂಜುನಾಥ್ ಸಾರ್ ಎದುರಿಗೆ ಹೆಸರು ಬದಲಾಯಿತು, ದುಡ್ಡು ಕೈ ಬದಲಾಯಿತು. ಟೀಚರ್ ಸರೋಜಳಿಗೆ ಕುಂಕುಮ ಕೊಟ್ಟರು. ವಾರ ಬಂದದ್ದು ಕಾರ್ತೀಕದಲ್ಲಿ. ಕೆಂಗೇರಿ ಮೆಟ್ರೋ ಹತ್ತಿರ ಆಟೋ ಹಿಡಿದೆವು. ವಾಚ್‌ಮನ್ ನಮ್ಮನ್ನು ಕಂಡವನೇ ಅಭ್ಯಾಸದ ಮೇಲೆ ಕೆಲಸದವರ ಚಿಕ್ಕ ಗೇಟು ತೆಗೆದ. ಸರೋಜ ಆಟೋದಿಂದ ಇಳಿಯಲಿಲ್ಲ. "ದೊಡ್ ಗೇಟ್ ತೆಗಿ ಕಣೋ" ಅಂದಳು. ತೆಗೆದು ಸಲ್ಯೂಟ್ ಬೇರೆ ಹೊಡೆದ, ಕಳ್ಳ.

ಮೊದಲ ಸಂಜೆ ನಾವು ಅಲ್ಲಿ ಮಾಡಿದ್ದೇನು ಎಂದರೆ, ಬಾಗಿಲ ಮೇಲಿನ ಪಟ್ಟಿಯ ಮೇಲೆ ಬೆರಳು ಸವರಿ ನೋಡಿದೆವು. ಧೂಳಿತ್ತು. ಸರಪಳಿ ಕಪ್ಪಾಗಿತ್ತು. ಹುಣಸೆಹಣ್ಣು ಕಾಣದೆ ಎಷ್ಟು ಕಾಲವಾಗಿತ್ತೋ! ಸರೋಜಳ ಕೈ ತುರಿಸುತ್ತಿತ್ತು, ಅವಳ ಕೈ ಹಿಡಿದುಕೊಂಡು ಕೂರಿಸಬೇಕಾಯಿತು. ಕೂತಳು. ತೂಗುಮಂಚ ಕಿರ್ ಎಂದಿತು. ಹೇಗಿದೆ ಅಂದೆ. "ಹಲಗೆ ಗಟ್ಟಿ ಕಣೇ, ಒಂದ್ ದಿಂಬು ತಾ" ಅಂದಳು.

ಬೆಳಿಗ್ಗೆ ಹಿಂದಿನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಮುಂಬಾಗಿಲನ್ನು ಯಾರೋ ತಟ್ಟಿದರು. ಮೂರು ಸಲ. "ಹೌಸ್‌ಕೀಪಿಂಗ್!" ಹೊಸ ಹುಡುಗಿ ಇರಬೇಕು, ದನಿ ಗುರುತು ಸಿಗಲಿಲ್ಲ. ನಾನು ಅಭ್ಯಾಸಬಲದಿಂದ ಲೋಟ ಇಟ್ಟು ಏಳಲು ಹೋದೆ. ಸರೋಜ ನನ್ನ ಸೆರಗು ಹಿಡಿದು ಕೂರಿಸಿದಳು. ಕಾಫಿ ಒಂದು ಗುಟುಕು ಕುಡಿದಳು, ಗಂಟಲು ಸರಿ ಮಾಡಿಕೊಂಡಳು, ಕೊಳದ ಕೊಕ್ಕರೆ ಎದ್ದು ಹಾರುವ ಹಾಗೆ ಕೂಗಿದಳು.

"ಆಮೇಲೆ ಬಾಮ್ಮಾ!"

ಆಚೆ ಬಕೆಟ್ಟು ಎತ್ತಿಕೊಂಡ ಸದ್ದಾಯಿತು. ಹೆಜ್ಜೆ ಪಕ್ಕದ ಕಾಟೇಜಿನ ಕಡೆ ಹೋಯಿತು. ಸರೋಜ ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತಿ ತೂಗುಮಂಚವನ್ನು ಇನ್ನೊಂದು ಸಲ ತೂಗಿದಳು.